ಮನೆಯ ಹೆಸರು ಕೇಳದೆ ಸೈಕಲ್ ಹತ್ತಬೇಡಿ

ಹೊಳೆ ಬದಿಯಲ್ಲಿ ಸೈಕಲ್ ತುಳಿಯುತ್ತಾ ಹೋಗಿ ರಾತ್ರಿ ಊರಿನವರ ಮನೆಯಲ್ಲಿ ಉಳಿಯುವ ಯೋಚನೆ ಇದ್ದರೆ, ಹೊರಡುವ ಮುಂಚೆ ಇದನ್ನೊಮ್ಮೆ ಓದಿ. ಜನವರಿಯಲ್ಲಿ ನಾನೂ ಚಿಕ್ಕಮ್ಮನ ಮಗನೂ ಉಡುಪಿ ಜಿಲ್ಲೆಯ ಹೆಬ್ರಿಯಿಂದ ಕೋಡಿಬೆಂಗ್ರೆಗೆ ಸೀತಾನದಿಯ ಜೊತೆ ಹೊರಟಿದ್ದೆವು. ಎರಡು ದಿನ, ಎರಡು ಮನೆ. ಮೊದಲ ಮನೆಯನ್ನು ಮರೆಯಲಾರೆ. ಎರಡನೆಯದನ್ನೂ ಮರೆಯಲಾರೆ, ಆದರೆ ಬೇರೆ ಕಾರಣಕ್ಕೆ.

ಮೊದಲು ದಾರಿಯ ವಿಷಯ. ಯುರೋಪಿನ ಡ್ಯಾನ್ಯೂಬ್ ದಂಡೆಯ ಸೈಕಲ್ ದಾರಿಯ ವಿಡಿಯೊ ನೋಡಿ ನಮಗೆ ಹುಚ್ಚು ಹಿಡಿದಿತ್ತು. ಜರ್ಮನಿಯ ಪಾಸೌನಿಂದ ವಿಯೆನ್ನಾಕ್ಕೆ ಸುಮಾರು 300 ಕಿ.ಮೀ., ಹೆಚ್ಚೂಕಮ್ಮಿ ನೀರಿನ ಪಕ್ಕದಲ್ಲೇ, ಏರು ಅಂದರೆ ಏನೂ ಇಲ್ಲ. ನಮ್ಮಲ್ಲಿ ಹಾಗಲ್ಲ. ಹೊಳೆ ಕೆಳಗೆ ತೋಟದ ಹಿಂದೆ ಅಡಗಿರುತ್ತದೆ, ರಸ್ತೆ ಮುರಕಲ್ಲಿನ ಗುಡ್ಡ ಹತ್ತಿ ಇಳಿಯುತ್ತಿರುತ್ತದೆ. ಒಂದೊಂದು ತೋಡಿಗೂ ಒಂದು ಇಳಿಜಾರು, ಮತ್ತೆ ಒಂದು ಏರು. ಮ್ಯಾಪ್ ತೋರಿಸಿದ ದಂಡೆಯ ದಾರಿ ಎರಡು ಸಲ ಯಾರದ್ದೋ ಅಡಿಕೆ ತೋಟದ ತಡಮೆಯಲ್ಲಿ ಮುಗಿಯಿತು. ಗಂಟೆಗೆ 15 ಕಿ.ಮೀ. ಅಂತ ಲೆಕ್ಕ ಹಾಕಿದ್ದೆವು, ಆದದ್ದು ಒಂಬತ್ತೋ ಹತ್ತೋ. ಆ ಲೆಕ್ಕ ತಪ್ಪಿದ್ದೇ ಮುಂದಿನದ್ದಕ್ಕೆಲ್ಲ ಮೂಲ.

ಮೊದಲ ರಾತ್ರಿ ನೀಲಾವರದ ಹತ್ತಿರ, ನಿವೃತ್ತ ಮೇಷ್ಟ್ರ ಮನೆ. ಅವರು ಲೊಕೇಶನ್ ಕಳಿಸಿರಲೇ ಇಲ್ಲ. ಮನೆಯ ಹೆಸರು ಹೇಳಿ, "ರಸ್ತೆಯಲ್ಲಿ ಯಾರನ್ನು ಕೇಳಿದ್ರೂ ಹೇಳ್ತಾರೆ" ಅಂದಿದ್ದರು. ಅಂಗಡಿಯಲ್ಲಿ ಕೇಳಿದೆವು, ಒಬ್ಬ ಹುಡುಗ ಗೇಟಿನವರೆಗೆ ಬಂದು ಬಿಟ್ಟು ಹೋದ. ಬಿಸಿನೀರು, ಗಂಜಿ, ಉಪ್ಪಿನಕಾಯಿ, ಬೆಳಿಗ್ಗೆ ನೀರುದೋಸೆ. ದುಡ್ಡು ತೆಗೆದಾಗ ಮನೆಯ ಅಮ್ಮ ಬೈದೇಬಿಟ್ಟರು.

ಮಾರನೆ ದಿನ ಬಾರ್ಕೂರಿನಲ್ಲಿ ಕತ್ತಲೆ ಬಸದಿ ನೋಡುತ್ತಾ ಹೊತ್ತು ಕಳೆದೆವು. ಅದರ ಮೇಲೆ ನನ್ನ ಸೈಕಲ್ ಪಂಚರ್. ನನ್ನದು ಸಪೂರ ವಾಲ್ವಿನ ಟ್ಯೂಬು, ಸಣ್ಣ ಪೇಟೆಯ ಅಂಗಡಿಯಲ್ಲಿ ಸಿಗುವುದಿಲ್ಲ. (ಎರಡು ಟ್ಯೂಬು ಹೆಚ್ಚಿಗೆ ಇಟ್ಟುಕೊಳ್ಳಿ. ನಾನು ಒಂದೂ ಇಟ್ಟಿರಲಿಲ್ಲ.) ಪ್ಯಾಚ್ ಹಾಕಿಸಿ ಹಂಗಾರಕಟ್ಟೆ ಮುಟ್ಟುವಾಗ ಸೂರ್ಯ ಇಳಿದಿದ್ದ.

ಅಲ್ಲಿಂದ ಬಾರ್ಜಿನಲ್ಲಿ ದಾಟಿದರೆ ಕೋಡಿಬೆಂಗ್ರೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಸೀತೆ, ಸ್ವರ್ಣೆ ಎರಡೂ ಕಡಲು ಸೇರುವ ಜಾಗ. ನಮ್ಮ ಎರಡನೇ "ಆತಿಥೇಯ" ತನ್ನ ಪುಟದಲ್ಲಿ ಹಾಕಿದ್ದ ಫೋಟೊದಲ್ಲಿ ಕಿಟಕಿಯಾಚೆ ಅದೇ ಹೊಳೆ. ಸೈಕಲ್ ಸವಾರರಿಗೆ ಉಚಿತ ಅಂತ ಬರೆದಿತ್ತು. ಸಾವಿರ ರೂಪಾಯಿ ಮಾತ್ರ ಮೊದಲೇ ಕಳಿಸಬೇಕಿತ್ತು, ಕೀಲಿಯ ಡೆಪಾಸಿಟ್, ಬೆಳಿಗ್ಗೆ ವಾಪಸ್ ಅಂತ. ಕಳಿಸಿದ್ದೆವು. ಮೆಸೇಜಿನಲ್ಲೇ ಎಲ್ಲ ಮುಗಿದಿತ್ತು, ಒಮ್ಮೆಯೂ ಫೋನಿನಲ್ಲಿ ಮಾತಾಡಿರಲಿಲ್ಲ.

ಬಾರ್ಜ್ ಕಾಯುವಾಗ ಅಂಗಡಿಯ ಹೆಂಗಸಿಗೆ ಫೋಟೊ ತೋರಿಸಿದೆ. "ಈ ಮನಿ ಆಚಿ ಬದಿ ಇದ್ದಂಗಿಲ್ಲ. ಮನಿ ಹೆಸ್ರೆಂತ?" ಅಂದರು. ನನಗೆ ಗೊತ್ತಿರಲಿಲ್ಲ. ನಾನು ಮಂಗಳೂರಿನಲ್ಲೇ ಹುಟ್ಟಿ ಬೆಳೆದವನು. ಮನೆ ಹೆಸರಿಲ್ಲದೆ ನಮ್ಮ ಕಡೆ ಯಾರೂ ಯಾರನ್ನೂ ಗುರುತಿಸುವುದಿಲ್ಲ ಅಂತ ಗೊತ್ತಿದ್ದವನು. ಆದರೂ ದಾಟಿದೆ. ಸಾವಿರ ರೂಪಾಯಿ ಹೋಗ್ತದಲ್ಲ ಅನ್ನುವ ಸಂಕಟ.

ದಾಟಿದ ಮೇಲೆ ಮೆಸೇಜ್ ಬಂತು. ಬೆಂಗ್ರೆ ಮನೆಯಲ್ಲಿ ಪೈಪ್ ಒಡೆದಿದೆ, ಇನ್ನೊಂದು ಮನೆಗೆ ಬನ್ನಿ, ಲೊಕೇಶನ್ ಕಳಿಸಿದ್ದೇನೆ. 11 ಕಿ.ಮೀ., ಹೈವೇ ಕಡೆಗೆ. ಕತ್ತಲಲ್ಲಿ, ಒಂದೇ ಲೈಟಿನಲ್ಲಿ, ಬಸ್ಸು ಬಂದಾಗಲೆಲ್ಲ ಮಣ್ಣಿಗೆ ಇಳಿಯುತ್ತಾ ಹೋದೆವು. ಉಡುಪಿಯ ಬಸ್ಸುಗಳ ಸ್ಪೀಡು ಗೊತ್ತಲ್ವಾ?

ಅದು ಮನೆಯೇ ಅಲ್ಲ. ರೂಮುಗಳ ಕಟ್ಟಡ, ಹೊರಗೆ ಬೋರ್ಡಿಲ್ಲ. ಒಬ್ಬ ಹುಡುಗ ಎಂಟ್ರಿ ಮಾಡಲಿಕ್ಕೆ ಅಂತ ಇಬ್ಬರ ಒರಿಜಿನಲ್ ಆಧಾರ್ ತೆಗೆದು ಡ್ರಾಯರಿಗೆ ಹಾಕಿದ. ಸ್ನಾನ ಮಾಡಿ ಬರುವಷ್ಟರಲ್ಲಿ ತಲೆಗೆ 1,800 ರೂಪಾಯಿ ಅಂದ, ಊಟ ಬೇರೆ.

"ಉಚಿತ ಅಂತ ಇತ್ತಲ್ಲ?"

"ಅದು ಸೈಕಲ್ ಇಡ್ಲಿಕ್ಕೆ ಫ್ರೀ ಮಾರಾಯ್ರೇ."

ಈಗ ನೆನೆದರೆ ನಗು ಬರುತ್ತದೆ. ಆಗ ಕೈ ನಡುಗುತ್ತಿತ್ತು. ಉಡುಪಿಗೆ ಹೋದರೆ ಕೃಷ್ಣಮಠದ ಸುತ್ತ ರೂಮು ಸಿಗುತ್ತಿತ್ತು, ಆದರೆ ಕಾರ್ಡು ಅವನ ಹತ್ತಿರ. ಚಿಕ್ಕಮ್ಮನ ಮಗ 112ಕ್ಕೆ ಫೋನ್ ಮಾಡ್ತೇನೆ ಅಂದ ಮೇಲೆ ಹುಡುಗ ಸ್ವಲ್ಪ ಇಳಿದ. ಕೊನೆಗೆ ಇಬ್ಬರಿಗೂ ಸೇರಿ 2,600 ಕೊಟ್ಟೆವು. ಕಾರ್ಡು ಬೆಳಿಗ್ಗೆ ಸಿಕ್ಕಿತು, ಡೆಪಾಸಿಟ್ ಸಿಗಲೇ ಇಲ್ಲ. ನಾನಾಗಿದ್ದರೆ ಆಗಲೇ ಪೊಲೀಸರಿಗೆ ಹೇಳುತ್ತಿದ್ದೆ ಅಂತ ನಿಮಗನಿಸಬಹುದು. ದಿನವಿಡೀ ತುಳಿದು ಕಾಲು ಸೋತಾಗ ಹಾಗನಿಸುವುದಿಲ್ಲ.

ಒರಿಜಿನಲ್ ಆಧಾರ್ ಯಾರ ಕೈಗೂ ಕೊಡಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದರ ಪ್ರಿಂಟ್ ಇಟ್ಟುಕೊಳ್ಳಿ. ದುಡ್ಡು ಕೇಳುವವರಾದರೆ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ ಪತ್ರ ಕೇಳಿ. ಸುಮ್ನೆ ಉಳಿಸಿಕೊಳ್ಳುವವರು ಡೆಪಾಸಿಟ್ ಕೇಳುವುದಿಲ್ಲ, ಮೇಷ್ಟ್ರು ಕೇಳಿದ್ರಾ? ಮಧ್ಯಾಹ್ನ ಮೂರು ಗಂಟೆಯೊಳಗೆ ಊರು ಮುಟ್ಟಿ, ಬೆಳಕಿದ್ದರೆ ಬೇರೆ ಕಡೆ ನೋಡಲು ಹೊತ್ತಿರುತ್ತದೆ. ಮತ್ತೆ ಫೋನ್ ಮಾಡಿ ಮನೆಯ ಹೆಸರು ಕೇಳಿ, ಆ ಹೆಸರನ್ನು ಹತ್ತಿರದ ಅಂಗಡಿಯಲ್ಲಿ ಕೇಳಿ.

ಆ ಎರಡನೇ "ಆತಿಥೇಯ"ನ ಪುಟ ಈಗ ಇಲ್ಲ. ಆದರೆ ಮೊನ್ನೆ ಅದೇ ಫೋಟೊ ಕಂಡಿತು, ಅದೇ ಕಿಟಕಿ, ಅದೇ ನೀಲಿ ಪರದೆ. ಹೆಸರು ಬೇರೆ. ಈ ಸಲ ಮನೆ ಕುಂದಾಪುರದಲ್ಲಿ, ಪಂಚಗಂಗಾವಳಿಯ ದಂಡೆಯಲ್ಲಿ ಇದೆಯಂತೆ.