ನೂರು ಟ್ರಿಲಿಯನ್ ಡಾಲರಿನ ನೋಟು: ಅಸಲಿ ಕಾಗದ, ಹುಸಿ ಚಿನ್ನ

ಜಿಂಬಾಬ್ವೆಯ ನೂರು ಟ್ರಿಲಿಯನ್ ಡಾಲರಿನ ನೋಟು ಇಂದು ಸಂಗ್ರಾಹಕರ ಸರಕು. ಬಳಕೆಯಾಗದ ಗರಿಗರಿಯಾದ ಅಸಲಿ ನೋಟೊಂದನ್ನೂ ಅದೇ ಮುಖಬೆಲೆಯ ‘ಚಿನ್ನದ ನೋಟ’ನ್ನೂ ಆನ್‌ಲೈನ್‌ನಲ್ಲಿ ತರಿಸಿಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಅಸಲಿ ನೋಟಿನ ಮುದ್ರಣ ನಿರೀಕ್ಷೆಗಿಂತ ಚೆನ್ನಾಗಿದೆ. ಮುಂಬದಿಯಲ್ಲಿ ರಾಜಧಾನಿ ಹರಾರೆಯ ಬಳಿಯ ಎಪ್‌ವರ್ತ್‌ನ ಬಂಡೆಗಳು ಒಂದರ ಮೇಲೊಂದು ಸಮತೋಲದಲ್ಲಿ ನಿಂತಿದ್ದರೆ, ಹಿಂಬದಿಯಲ್ಲಿ ವಿಕ್ಟೋರಿಯಾ ಜಲಪಾತವೂ ಆಫ್ರಿಕಾದ ಕಾಡೆಮ್ಮೆಯೂ ಇವೆ. ನೋಟನ್ನು ಓರೆ ಮಾಡಿದಾಗ ಆ ದೇಶದ ಲಾಂಛನವಾದ ಜಿಂಬಾಬ್ವೆ ಹಕ್ಕಿಯ ಗುರುತು ಬಣ್ಣ ಬದಲಿಸುತ್ತದೆ. ಬೆಳಕಿಗೆ ಹಿಡಿದರೆ ಭದ್ರತಾ ದಾರ ಸ್ಪಷ್ಟವಾಗಿ ಕಾಣುತ್ತದೆ. ಒಂದರ ಮುಂದೆ 14 ಸೊನ್ನೆಗಳು, ಅಂದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಮೊತ್ತ. ಅಷ್ಟನ್ನೂ ಕೇಳಿದಾಗ ಕೊಡುವುದಾಗಿ ವಚನ ಕೊಟ್ಟು, ಕೆಳಗೆ ಜಿಂಬಾಬ್ವೆಯ ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಗಿಡಿಯನ್ ಗೊನೊ ಸಹಿ ಹಾಕಿದ್ದಾರೆ. 2008ರ ಇಸವಿ ಹೊತ್ತ ಈ ನೋಟು ಚಲಾವಣೆಗೆ ಬಂದದ್ದು, ಹಣದುಬ್ಬರ ಮಿತಿಮೀರಿದ್ದ 2009ರ ಜನವರಿಯಲ್ಲಿ. ಮರುತಿಂಗಳೇ ಸರ್ಕಾರ ಕರೆನ್ಸಿಯಿಂದ 12 ಸೊನ್ನೆಗಳನ್ನು ತೆಗೆದುಹಾಕಿದ್ದರಿಂದ ಇದು ಲೆಕ್ಕದಲ್ಲಿ ಬರೀ ನೂರು ಡಾಲರಾಯಿತು. 2015ರಲ್ಲಿ ಹಳೆಯ ನೋಟುಗಳನ್ನು ರದ್ದುಪಡಿಸಿದಾಗ ಇಂಥ ಒಂದು ನೋಟಿಗೆ ಬ್ಯಾಂಕುಗಳು ಕೊಟ್ಟದ್ದು ಅಮೆರಿಕದ 40 ಸೆಂಟ್. ಅಂದು ಅದನ್ನು ಬ್ಯಾಂಕಿಗೆ ಒಪ್ಪಿಸದೆ ಉಳಿಸಿಕೊಂಡವರೇ ಜಾಣರು, ಏಕೆಂದರೆ ಸಂಗ್ರಾಹಕರು ಈಗ ಅದರ ಹಲವು ಪಟ್ಟು ಬೆಲೆ ತೆರುತ್ತಿದ್ದಾರೆ.

ಚಿನ್ನದ ನೋಟಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಅದು ಹೊಳಪು ಲೇಪಿಸಿದ ಪ್ಲಾಸ್ಟಿಕ್ ಹಾಳೆ. ಬಂಡೆಗಳ ಬಿರುಕುಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋಗಿವೆ, ಮುಟ್ಟಿದಲ್ಲೆಲ್ಲ ಬೆರಳಚ್ಚು ಮೂಡುತ್ತದೆ, ಒಮ್ಮೆ ಬಿದ್ದ ಮಡಿಕೆ ಹೋಗುವುದೇ ಇಲ್ಲ. ಜೊತೆಗೆ ಬಂದ ‘ಪ್ರಮಾಣಪತ್ರ’ದಲ್ಲಿ 24 ಕ್ಯಾರೆಟ್ ಎಂದಿದೆ, ಚಿನ್ನದ ತೂಕ ಎಷ್ಟೆಂಬುದು ಮಾತ್ರ ಇಲ್ಲ. ಮಕ್ಕಳಿಗೆ ಆಡಲು ಕೊಡಬಹುದು, ಸಂಗ್ರಹಕ್ಕೆ ಸಲ್ಲದು.

ಇದಕ್ಕಿಂತ ಅಪಾಯಕಾರಿಯಾದವು ಕ್ವಿಂಟಿಲಿಯನ್, ಸೆಕ್ಸ್‌ಟಿಲಿಯನ್ ಎಂದು ಅಚ್ಚು ಹಾಕಿದ ಕಾಗದಗಳು. ಜಿಂಬಾಬ್ವೆಯ ರಿಸರ್ವ್ ಬ್ಯಾಂಕ್ ನೂರು ಟ್ರಿಲಿಯನ್‌ಗಿಂತ ದೊಡ್ಡ ಮುಖಬೆಲೆಯ ನೋಟನ್ನು ಹೊರಡಿಸಿದ್ದೇ ಇಲ್ಲ. ಮುಂದೊಂದು ದಿನ ಮರುಮೌಲ್ಯೀಕರಣವಾಗಿ, ಅಂದರೆ ಹಳೆಯ ಕರೆನ್ಸಿಯ ಬೆಲೆಯನ್ನು ಮತ್ತೆ ಏರಿಸಿ, ಇವು ಕೋಟಿಗಟ್ಟಲೆ ಬೆಲೆ ಬಾಳುತ್ತವೆ ಎಂದು ಯಾರಾದರೂ ನಂಬಿಸಲು ಬಂದರೆ ಮಾತುಕತೆಯನ್ನು ಅಲ್ಲಿಗೇ ಮುಗಿಸುವುದು ಒಳ್ಳೆಯದು.

ಅಸಲಿ ನೋಟನ್ನು ಕೊಳ್ಳುವವರು ಮಡಿಕೆ, ಕಲೆ, ಮೂಲೆಗಳ ಸವೆತವನ್ನು ಗಮನಿಸಬೇಕು, ಬೆಲೆ ನಿಂತಿರುವುದೇ ಅದರ ಮೇಲೆ. ಸಾಮಾನ್ಯ ಪ್ರತಿಗಳ ಕ್ರಮಸಂಖ್ಯೆ ‘ಎಎ’ಯಿಂದ ಆರಂಭವಾಗುತ್ತದೆ, ‘ಜೆಡ್‌ಎ’ ಇದ್ದರೆ ಅದು ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ ಪ್ರತಿ, ಅದಕ್ಕೆ ಬೆಲೆ ಹೆಚ್ಚು. ನನಗೆ ಬಂದ ನೋಟನ್ನು ಪಿವಿಸಿ ಲಕೋಟೆಯಲ್ಲಿಟ್ಟು ಕಳಿಸಿದ್ದರು. ಪಿವಿಸಿ ಕಾಲಕ್ರಮೇಣ ಕಾಗದವನ್ನು ಕೆಡಿಸುವುದರಿಂದ ಪಾಲಿಯೆಸ್ಟರ್ ಲಕೋಟೆಯನ್ನು ಪ್ರತ್ಯೇಕವಾಗಿ ತರಿಸಿ ಅದಕ್ಕೆ ಬದಲಾಯಿಸಬೇಕಾಯಿತು. ಮಾರಾಟಗಾರರಿಗೆ ಒಂದು ಅಂಕ ಕಳೆದದ್ದು ಇದಕ್ಕಾಗಿಯೇ.