ಹಳೇ ಫಿಯೆಟ್ ಕೊಳ್ಳುವ ಮುನ್ನ ಎಡಗಡೆ ಮಡ್‌ಗಾರ್ಡ್ ಸವರಿ ನೋಡಿ

ಮುಂಬೈಯಲ್ಲಿ ಹಳೇ ಫಿಯೆಟ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ "1968ರ ಡಿಲೈಟ್, ಪಾರ್ಸಿ ಮನೆಯ ಗಾಡಿ, ಒಬ್ಬರೇ ಓನರ್" ಅನ್ನುವ ಮಾತಿಗೆ ಈಗಾಗಲೇ ಮನಸ್ಸು ಕೊಟ್ಟವರು ಓದಲೇಬೇಕು. ಆ ಮಾತನ್ನು ನಂಬಿ ನಾನು 4,60,000 ರೂಪಾಯಿ ಕೊಟ್ಟೆ. ಇವತ್ತು ಆ ಗಾಡಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಮಾರುವ ಹಾಗೂ ಇಲ್ಲ.

ಅಪ್ಪ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದರು. ಚಹಾ ಕೊಡಲು ಹೋದಾಗ ಹೊಸ ಗಾಡಿಗಳು ಸಾಲಾಗಿ ನಿಂತಿರುವುದನ್ನು ನೋಡಿ ಬಂದು ನಮಗೆ ಹೇಳುತ್ತಿದ್ದರು. ಬಣ್ಣ ಒಣಗುವ ವಾಸನೆ ಅವರ ಅಂಗಿಯಲ್ಲೇ ಇರುತ್ತಿತ್ತು. ಜೀವನದಲ್ಲಿ ಒಂದು ಗಾಡಿ ಕೊಳ್ಳಲು ಅವರಿಂದ ಆಗಲಿಲ್ಲ. ಅವರು ತೀರಿಕೊಂಡ ಮೇಲೆ ನನಗೆ ಇದ್ದದ್ದು ಒಂದೇ ಆಸೆ. ಕುರ್ಲಾದಲ್ಲಿ ತಯಾರಾದ ಒಂದು ಫಿಯೆಟ್ ಡಿಲೈಟ್ ನಮ್ಮ ಡೊಂಬಿವಲಿ ಮನೆಯ ಕೆಳಗೆ ನಿಲ್ಲಬೇಕು.

ಈ ಮೋಸ ಹೇಗೆ ನಡೆಯುತ್ತದೆ ಅಂತ ಅರ್ಥವಾಗಲು ಗಾಡಿಯ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಕಂಪನಿ ಶುರುವಾದದ್ದು 1944ರಲ್ಲಿ. ಮೊದಲು ಡಾಡ್ಜ್, ಪ್ಲಿಮತ್‌ನಂಥ ಅಮೆರಿಕದ ಗಾಡಿಗಳನ್ನು ಇಲ್ಲಿ ಜೋಡಿಸುತ್ತಿದ್ದರು. 1950ರ ದಶಕದಲ್ಲಿ ಇಟಲಿಯ ಫಿಯೆಟ್ 1100 ಬಂತು. ಮೈಯೆಲ್ಲ ಗುಂಡಗೆ, ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುತ್ತಿದ್ದ ಆ ಮಾಡೆಲ್ಲನ್ನು ಇಲ್ಲಿನ ಜನ ಡುಕ್ಕರ್ ಫಿಯೆಟ್ ಅಂತ ಕರೆದರು. ಮರಾಠಿಯಲ್ಲಿ ಡುಕ್ಕರ್ ಅಂದರೆ ಹಂದಿ. ಎಲ್ಲಾದರೂ ರ‍್ಯಾಲಿಯಲ್ಲಿ ಕಂಡರೆ ನಿಂತು ನೋಡಿ, ಅಷ್ಟು ಮುದ್ದಾದ ಗಾಡಿ ಅದು.

1964ರಲ್ಲಿ ಬಂದದ್ದು ಡಿಲೈಟ್. ಅದೇ ಗಾಡಿ 1972ರ ಹೊತ್ತಿಗೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಗ್ರಿಲ್ಲು, ದೀಪ, ಡ್ಯಾಶ್‌ಬೋರ್ಡು ಬದಲಾದವು. ಆದರೆ ಮೂಲ ಬಾಡಿ ಅದೇ, 1089 ಸಿಸಿ ಎಂಜಿನ್ನೂ ಅದೇ. ಪದ್ಮಿನಿ 1990ರ ದಶಕದ ಕೊನೆಯವರೆಗೂ ತಯಾರಾಗುತ್ತಿತ್ತು. ಅಂದರೆ 1990ರ ದಶಕದ ಒಂದು ಪದ್ಮಿನಿಗೆ ಹಳೇ ಗ್ರಿಲ್ಲು, ಹಳೇ ಬ್ಯಾಡ್ಜು ಹಾಕಿದರೆ ನಮ್ಮಂಥವರ ಕಣ್ಣಿಗೆ 1968ರ ಡಿಲೈಟ್ ಹಾಗೇ ಕಾಣುತ್ತದೆ. ಚೋರ್ ಬಜಾರಿನಂಥ ಕಡೆ ಅಲೆದರೆ ಆ ಬಿಡಿಭಾಗಗಳೂ ಸಿಗುತ್ತವೆ.

ಇದರಲ್ಲಿ ದುಡ್ಡು ಎಲ್ಲಿದೆ ಅಂದರೆ ವಯಸ್ಸಿನಲ್ಲಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸದಾಗಿ ನೋಂದಣಿಯಾಗುವ ಗಾಡಿಗೆ ನಂಬರಿನಲ್ಲಿ 'ವಿಎ' ಅನ್ನುವ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ. ಈಗಾಗಲೇ ನೋಂದಣಿಯಾಗಿದ್ದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ದಿನಾ ಆಫೀಸಿಗೆ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲಿಗೆ ಮಾತ್ರ. ಒಳ್ಳೆಯ ನಿಯಮವೇ. ಆದರೆ ನಾನು ಕಂಡ ಹಾಗೆ, 50 ದಾಟಿದ ಗಾಡಿಗೆ ಕೇಳುವ ಬೆಲೆಯೇ ಬೇರೆ. 30 ವರ್ಷದ ಪದ್ಮಿನಿಗೆ ಆ ಬೆಲೆ ಯಾರು ಕೊಡುತ್ತಾರೆ?

ನನಗೆ ಮಾರಿದ ವ್ಯಕ್ತಿ ತುಂಬ ಚೆನ್ನಾಗಿ ಮಾತಾಡುತ್ತಿದ್ದರು. ತಿಳಿ ಹಸಿರು ಬಣ್ಣ, ಹೊಳೆಯುವ ಬಂಪರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ಮುಂದೆ ಉದ್ದನೆ ಸೀಟು. ಎಂಎಚ್ ಇಲ್ಲದ ಮೂರಕ್ಷರದ ಹಳೇ ನಂಬರ್ ಪ್ಲೇಟು. ಒಬ್ಬ ವಯಸ್ಸಾದ ಪಾರ್ಸಿ ಡಾಕ್ಟರ್ ಭಾನುವಾರ ಮಾತ್ರ ಓಡಿಸುತ್ತಿದ್ದರಂತೆ. ಮಕ್ಕಳು ವಿದೇಶಕ್ಕೆ ಹೋದರಂತೆ. ನಾನು ಆ ಕಥೆಯನ್ನು ಅಷ್ಟು ನಂಬಿದೆ ಎಂದರೆ ಮನೆಗೆ ಬಂದು ಹೆಂಡತಿಗೆ ಡಾಕ್ಟರ ಬಗ್ಗೆಯೇ ಅರ್ಧ ಗಂಟೆ ಹೇಳಿದೆ. ಗಾಡಿಯ ಕೆಳಗೆ ಬಗ್ಗಿ ನೋಡಿರಲಿಲ್ಲ.

ಆರ್‌ಸಿ ನಂಬರ್ ಮೊಬೈಲಿನಲ್ಲಿ ಹಾಕಿದರೆ ಏನೂ ಬರಲಿಲ್ಲ. "ಹಳೇ ಗಾಡಿ ಅಲ್ವಾ, ಬ್ಯಾಕ್‌ಲಾಗ್ ಎಂಟ್ರಿ ಆಗಿಲ್ಲ" ಅಂದರು. ಇದು ಪೂರ್ತಿ ಸುಳ್ಳಲ್ಲ, ಎಷ್ಟೋ ಹಳೇ ಗಾಡಿಗಳ ದಾಖಲೆ ಇನ್ನೂ ಕಂಪ್ಯೂಟರಿಗೆ ಏರಿಲ್ಲ. ಅದಕ್ಕೇ ನಂಬಿದೆ. ಆರ್‌ಸಿ ಕೊನೆಯ ಸಲ ನವೀಕರಣವಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಷ್ಟು ವರ್ಷ ಗಾಡಿ ಎಲ್ಲಿತ್ತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಮೂರು ಲಕ್ಷ ಬ್ಯಾಂಕಿನಿಂದ ಕಳಿಸಿದೆ, ಉಳಿದ 1,60,000 ನಗದಾಗಿ ಕೊಟ್ಟೆ. ನಗದಿಗೆ ರಸೀದಿ ಇಲ್ಲ. ಗಾಡಿ ನನ್ನ ಹೆಸರಿಗೆ ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿ ಕೊಟ್ಟರು. ಸಹಿ ಮಾಡಿದವರನ್ನು ನಾನು ಕಣ್ಣಾರೆ ನೋಡಿಲ್ಲ.

ಎರಡು ವಾರ ಖುಷಿಯಾಗಿದ್ದೆ. ಒಂದು ಭಾನುವಾರ ಅಪ್ಪನ ಸ್ನೇಹಿತರು, ನಾವು ಶೆಟ್ರ ಮಾವ ಅಂತ ಕರೆಯುವವರು, ಗಾಡಿ ನೋಡಲು ಬಂದರು. ಇಪ್ಪತ್ತಾರು ವರ್ಷ ಕಾಲಿ ಪೀಲಿ, ಅಂದರೆ ಮುಂಬೈಯ ಕಪ್ಪು ಹಳದಿ ಬಣ್ಣದ ಟ್ಯಾಕ್ಸಿ ಓಡಿಸಿದವರು. ಸುತ್ತ ಒಂದು ಪ್ರದಕ್ಷಿಣೆ ಬಂದರು. ಎಡಗಡೆ ಮುಂದಿನ ಮಡ್‌ಗಾರ್ಡ್ ಹತ್ತಿರ ನಿಂತು ಅಂಗೈಯಿಂದ ಮೆಲ್ಲಗೆ ಸವರಿದರು. ಇನ್ನೊಂದು ಸಲ ಸವರಿದರು.

"ಮಾಣಿ, ಇದ್ ಟ್ಯಾಕ್ಸಿ ಮಾರಾಯ" ಅಂದರು.

ಮುಂಬೈ ಟ್ಯಾಕ್ಸಿಗಳಿಗೆ ಹಿಂದೆ ಕೈಯಿಂದ ತಿರುಗಿಸುವ ಮೀಟರ್ ಇರುತ್ತಿತ್ತಲ್ಲ, ಅದನ್ನು ಕೂರಿಸುತ್ತಿದ್ದದ್ದು ಹೊರಗಡೆ, ಎಡ ಮಡ್‌ಗಾರ್ಡ್ ಮೇಲೆ. ಆ ತೂತುಗಳನ್ನು ಪುಟ್ಟಿ ತುಂಬಿ ಮುಚ್ಚಿದ್ದರು. ಮಗಳ ಆಟಿಕೆಯ ಅಯಸ್ಕಾಂತ ತಂದು ಇಟ್ಟೆವು. ಬೇರೆ ಕಡೆ ಅಂಟಿಕೊಂಡಿತು, ಅಲ್ಲಿ ಜಾರಿ ಬಿತ್ತು. ಡಿಕ್ಕಿಯ ಮ್ಯಾಟ್ ಎತ್ತಿದರೆ ತಗಡಿನಲ್ಲಿ ನಾಲ್ಕು ಬೋಲ್ಟಿನ ತೂತು, ಸಿಎನ್‌ಜಿ ಸಿಲಿಂಡರ್ ಕೂರಿಸಿದ ಜಾಗ. ಮಾವ ಹಿಂದಿನ ಬಾಗಿಲಿನ ಮೇಲಿನ ರಬ್ಬರ್ ಬೀಡಿಂಗನ್ನು ಎರಡು ಬೆರಳಿನಿಂದ ಎಳೆದರು. ಒಳಗೆ ಹಳದಿ ಬಣ್ಣ.

ನನಗೆ ಆ ಕ್ಷಣ ಮಾತೇ ಹೊರಡಲಿಲ್ಲ. ಮಾವನೂ ಏನೂ ಹೇಳಲಿಲ್ಲ, ರಬ್ಬರನ್ನು ಜಾಗ್ರತೆಯಿಂದ ವಾಪಸ್ ಒತ್ತಿದರು.

ಮರುದಿನ ಕುರ್ಲಾದ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆಸಿದೆ. ಅವರು ಬಾಗಿಲ ನಡುವಿನ ಕಂಬದಲ್ಲಿ ಬಣ್ಣದ ಕೆಳಗೆ ಅಡಗಿದ್ದ ಸೀಟ್ ಬೆಲ್ಟಿನ ಬೋಲ್ಟಿನ ಜಾಗ ತೋರಿಸಿದರು. ನಮ್ಮಲ್ಲಿ ಸೀಟ್ ಬೆಲ್ಟ್ ಕಡ್ಡಾಯವಾದದ್ದು 1990ರ ದಶಕದಲ್ಲಿ. 1968ರ ಗಾಡಿಯಲ್ಲಿ ಅದು ಎಲ್ಲಿಂದ ಬರಬೇಕು? ಆಮೇಲೆ ಬಾನೆಟ್ ಎತ್ತಿ ಚಾಸಿ ನಂಬರಿನ ಸುತ್ತ ಸ್ವಲ್ಪ ಬಣ್ಣ ಕೆರೆದರು. ಚೌಕಾಕಾರದಲ್ಲಿ ವೆಲ್ಡಿಂಗ್ ಗೆರೆ. ಎಲ್ಲೋ ಗುಜರಿಗೆ ಹೋದ ನಿಜವಾದ ಡಿಲೈಟಿನ ನಂಬರಿದ್ದ ತಗಡನ್ನು ಕತ್ತರಿಸಿ ತಂದು ಇಲ್ಲಿ ಬೆಸೆದಿದ್ದರು. ಅದರ ಆರ್‌ಸಿಯನ್ನೂ ತಂದಿದ್ದರು. ಆರ್‌ಟಿಓಗೆ ಅರ್ಜಿ ಕೊಟ್ಟು ಹಳೇ ರಿಜಿಸ್ಟರಿನ ವಿವರ ತೆಗೆಸಿದೆ. ಊರ ಕಡೆ ಬಿ ಎಕ್ಸ್‌ಟ್ರಾಕ್ಟ್ ಅನ್ನುತ್ತಾರಲ್ಲ, ಅದೇ. ಎಂಜಿನ್ ನಂಬರ್ ಹೊಂದಲಿಲ್ಲ.

ಕೆಳಭಾಗದ ಕಥೆ ಇನ್ನೂ ಕೆಟ್ಟದ್ದು. ಈ ಗಾಡಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪಟ್ಟಿ ಮತ್ತು ನೆಲದ ತಗಡು ಮುಂಬೈಯ ಉಪ್ಪು ಗಾಳಿ, ಮಳೆಗೆ ತುಕ್ಕು ಹಿಡಿದು ಪುಡಿಯಾಗಿದ್ದವು. ಅದರ ಮೇಲೆ ತೆಳ್ಳನೆ ತಗಡು ಹೊದಿಸಿ ಕಪ್ಪು ಬಣ್ಣ ಬಳಿದಿದ್ದರು. ಅದರಲ್ಲಿ ನಾನು ಮಕ್ಕಳನ್ನು ಕೂರಿಸಿಕೊಂಡು ಮುಲುಂಡಿಗೆ ಹೋಗಿ ಬಂದಿದ್ದೆ.

ವಕೀಲರು ಹೇಳಿದ ಹಾಗೆ ಪೊಲೀಸರಿಗೂ ಆರ್‌ಟಿಓಗೂ ಬರೆದು ಕೊಟ್ಟಿದ್ದೇನೆ. ಮಾರಿದವರು "ನೀವೇ ನೋಡಿ ತಗೊಂಡಿದ್ದು ತಾನೇ" ಅನ್ನುತ್ತಾರೆ. ತನಿಖೆ ಮುಗಿಯುವವರೆಗೆ ಗಾಡಿಯನ್ನು ಮುಟ್ಟಬಾರದು.

ನನಗೆ ದುಡ್ಡಿಗಿಂತ ಹೆಚ್ಚು ನೋವಾಗಿರುವುದು ಬೇರೆ. ಟ್ಯಾಕ್ಸಿ ಆಗಿದ್ದದ್ದು ಅವಮಾನವೇನಲ್ಲ. ಕಾಲಿ ಪೀಲಿ ಪದ್ಮಿನಿ ಅಂದರೆ ಈ ಊರಿನ ಅರ್ಧ ಚರಿತ್ರೆ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಲ್ಲಿಲ್ಲ. "ಇದು ಹಳೇ ಟ್ಯಾಕ್ಸಿ, ಇಷ್ಟು ವರ್ಷ ದುಡಿದಿದೆ" ಅಂತ ನಿಜ ಹೇಳಿದ್ದರೆ ನ್ಯಾಯವಾದ ಬೆಲೆಗೆ ನಾನೇ ಪ್ರೀತಿಯಿಂದ ಕೊಳ್ಳುತ್ತಿದ್ದೆ. ಬೇಕಾದ ಹಾಗೆ ಬದಲಿಸಿ ಕಸ್ಟಮ್ ಗಾಡಿ ಅಂತ ಮಾರಿದ್ದರೂ ಸರಿ, ಆರ್‌ಸಿಗೆ ತಕ್ಕ ಹಾಗೆ ಇದ್ದರೆ ಸಾಕು. ಈಗ ಎರಡು ಗಾಡಿಗಳ ಚರಿತ್ರೆ ಅಳಿಸಿಹೋಗಿದೆ. ಯಾರೋ ಪ್ರೀತಿಯಿಂದ ಇಟ್ಟುಕೊಂಡಿದ್ದ ಡಿಲೈಟ್ ಒಂದು ತುಂಡು ತಗಡಾಗಿ ಉಳಿದಿದೆ. ಈ ಟ್ಯಾಕ್ಸಿಯನ್ನು ಯಾರು ಓಡಿಸಿದರು, ಯಾವ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿತ್ತು, ಅದರ ನಂಬರೇನು, ಯಾವುದೂ ಗೊತ್ತಿಲ್ಲ.

ಗಾಡಿ ನೋಡಲು ಹೋಗುವವರು ಒಬ್ಬರೇ ಹೋಗಬೇಡಿ. ಫಿಯೆಟ್ ಬಿಚ್ಚಿ ಗೊತ್ತಿರುವ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ, ಹಗಲಿನಲ್ಲೇ ನೋಡಿ. ಜ್ಯಾಕ್ ಹಾಕಿ ಎತ್ತಲು ಒಪ್ಪದಿದ್ದರೆ ವಾಪಸ್ ಬನ್ನಿ. ಆರ್‌ಟಿಓ ವಿವರ ಕೈಗೆ ಬರುವ ಮುಂಚೆ ಅಡ್ವಾನ್ಸ್ ಕೂಡ ಕೊಡಬೇಡಿ. ಆರ್‌ಸಿಯಲ್ಲಿ ಹೆಸರಿರುವವರನ್ನೋ ಅವರ ಮನೆಯವರನ್ನೋ ಎದುರಿಗೇ ಭೇಟಿಯಾಗಿ.

ಕಳೆದ ವಾರ ಅದೇ ಜಾಗದಿಂದ ಇನ್ನೊಂದು ಗಾಡಿಯ ಫೋಟೊ ಹೊರಗೆ ಬಂದಿದೆ. ಬೂದು ಬಣ್ಣ, 1971ರ ಡಿಲೈಟ್ ಅಂತ ಹೇಳುತ್ತಿದ್ದಾರೆ, ಮತ್ತೆ ಪಾರ್ಸಿ ಮನೆ. ಫೋಟೊಗಳೆಲ್ಲ ಬಲಗಡೆಯಿಂದ ತೆಗೆದವು. ಅದನ್ನು ನೋಡಲು ಹೋಗುವವರಿದ್ದರೆ ಮೊದಲು ನನಗೊಂದು ಸಂದೇಶ ಕಳಿಸಿ. ಶೆಟ್ರ ಮಾವ ಜೊತೆಗೆ ಬರಲು ಒಪ್ಪಿದ್ದಾರೆ.