ಟೋಕಿಯೊದಿಂದ ಕ್ಯೋಟೊಗೆ: ರೈಲ್ ಪಾಸೋ, ಸೈಶುನ್ 18 ಟಿಕೆಟ್ಟೋ?

ಗೆಳೆಯರಿಬ್ಬರು ಬೆನ್ನಿಗೆ ಚೀಲ ಹೊತ್ತು, ಕೈ ಬಿಗಿಹಿಡಿದು ಖರ್ಚು ಮಾಡುತ್ತ ಟೋಕಿಯೊದಿಂದ ಕ್ಯೋಟೊ, ನಾರಾಗಳತ್ತ ಹೊರಡುವುದಾದರೆ ಮೊದಲು ಇತ್ಯರ್ಥವಾಗಬೇಕಾದದ್ದು ಟಿಕೆಟ್ಟಿನ ಪ್ರಶ್ನೆ. ವಿದೇಶಿ ಪ್ರವಾಸಿಗರು ದೇಶದುದ್ದಕ್ಕೂ ರೈಲಿನಲ್ಲಿ ಬೇಕಾದಷ್ಟು ಓಡಾಡಲು ಕೊಳ್ಳುವ ಏಳು ದಿನಗಳ ಜಪಾನ್ ರೈಲ್ ಪಾಸ್‌ನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಸುಮಾರು 14,000 ಯೆನ್ ಆಗುವುದರಿಂದ, ಹಿರೋಶಿಮಾಕ್ಕೆ ಹೋಗಿಬಂದರೂ ಪಾಸಿನ ಹಣ ಹುಟ್ಟುವುದಿಲ್ಲ.

ಸೈಶುನ್ 18 ಎಂಬುದು ಸಾಮಾನ್ಯ ರೈಲುಗಳಲ್ಲಿ ದಿನವಿಡೀ ಬೇಕಾದಷ್ಟು ಓಡಾಡಬಹುದಾದ ಅಗ್ಗದ ಟಿಕೆಟ್ಟು; ಹೆಸರಿನಲ್ಲಿ 18 ಇದ್ದರೂ ವಯಸ್ಸಿನ ಮಿತಿಯಿಲ್ಲ. ಮೂರು ದಿನಕ್ಕೆ 10,000, ಐದು ದಿನಕ್ಕೆ 12,050 ಯೆನ್. ಆದರೆ ಅದು ವಸಂತ, ಬೇಸಿಗೆ, ಚಳಿಗಾಲದ ರಜೆಗಳಲ್ಲಷ್ಟೇ ಸಿಗುತ್ತದೆ, ಬುಲೆಟ್ ರೈಲಿಗೆ ನಡೆಯುವುದಿಲ್ಲ. ಹಿಂದೆ ಒಂದೇ ಟಿಕೆಟ್ಟನ್ನು ಇಬ್ಬರು ಹಂಚಿಕೊಳ್ಳಬಹುದಿತ್ತು. 2024ರ ಚಳಿಗಾಲದಿಂದ ಅದು ಒಬ್ಬರಿಗೇ, ಅದೂ ಸತತ ದಿನಗಳಿಗೆ ಮಾತ್ರ. ಹಳೆಯ ಬರಹಗಳನ್ನು ನಂಬಿ ಒಂದನ್ನೇ ಕೊಳ್ಳಬೇಡಿ.

ಬುಲೆಟ್ ರೈಲಿನ ಎರಡೂವರೆ ಗಂಟೆಯ ದಾರಿಗೆ ಸೈಶುನ್ 18 ಟಿಕೆಟ್ಟಿನಲ್ಲಿ ಸುಮಾರು ಒಂಬತ್ತು ಗಂಟೆ ಹಿಡಿಯುತ್ತದೆ, ಹಲವು ಬಾರಿ ರೈಲು ಬದಲಿಸಬೇಕು. ಆದರೂ ನನ್ನ ಒಲವು ಇದರ ಕಡೆಗೇ: ಬುಲೆಟ್ ರೈಲು ನಿಲ್ಲದ ಹಿಕೊನೆಯಲ್ಲಿ ಇಳಿದು, 17ನೇ ಶತಮಾನದ ಕೋಟೆಯ ಕಡಿದಾದ ಮರದ ಮೆಟ್ಟಿಲುಗಳನ್ನು ಹತ್ತಿ, ಬಿವಾ ಸರೋವರವನ್ನು ನೋಡಿ, ಬೇರೆ ಕಾಸು ಕೊಡದೆ ಮುಂದಿನ ರೈಲು ಹಿಡಿಯಬಹುದು. ರಜೆಯ ಅವಧಿಯಲ್ಲದಿದ್ದರೆ ಬಿಡಿ ಟಿಕೆಟ್ಟುಗಳೇ ಮೇಲು.